ದೊಡ್ಡಪ್ಪನ ಆಶೀರ್ವಾದಕ್ಕೆ ವಾಪಸ್ಸಿಲ್ಲ

ನಮ್ಮ ದೊಡ್ಡಪ್ಪನಿಂದ ಒಂದು ಆಶೀರ್ವಾದ ಪಡೆಯುವುದಕ್ಕಿಂತ ತಾಲೂಕು ಕಚೇರಿಯಿಂದ ಒಂದು ಸರ್ಟಿಫಿಕೇಟ್ ಪಡೆಯುವುದು ಸುಲಭ! ಕಚೇರಿಯವರು ಕೊನೆಗೆ 'ನಾಳೆ ಬಾ' ಅಂತಲಾದರೂ ಅಂತಾರೆ. ದೊಡ್ಡಪ್ಪ ಅದನ್ನೂ ಅನ್ನುವುದಿಲ್ಲ. ನಾಳೆ ನೀವು ಬರುತ್ತೀರೋ ಇಲ್ಲವೋ ಅವರಿಗೇನು ಗೊತ್ತು? ಗೊತ್ತಿಲ್ಲದ್ದನ್ನು ಅವರು ಆಡುವವರಲ್ಲ.

ಅವರು ನನ್ನ ಅಪ್ಪನ ಅಣ್ಣ. ಹಡಗಲಿ, ಕೊಟ್ಟೂರು, ಕೂಡ್ಲಿಗಿ ದಾರಿಯಲ್ಲಿ ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದು, ನಿವೃತ್ತಿಯಾದ ಮೇಲೆ ಹಗರಿಬೊಮ್ಮನಹಳ್ಳಿಯ ನಮ್ಮ ಪುಟ್ಟ ಚರ್ಚಿಗೆ ಹಿರಿಯರಾದರು. ಸಭೆಯ ಹಿರಿಯರೆಂದರೆ ಬಂದವರ ತಲೆಯ ಮೇಲೆ ಕೈಯಿಟ್ಟು ನಾಲ್ಕು ಒಳ್ಳೆಯ ಮಾತು ಹೇಳಬೇಕು ತಾನೆ? ಅಲ್ಲೇ ಬಂತು ತೊಡಕು. ನಿವೃತ್ತಿಯ ಬಿಡುವಿನಲ್ಲಿ ಅವರು ಬೈಬಲ್ಲನ್ನು ಮೊದಲಿಂದ ಕಡೆಯವರೆಗೂ ಓದಿಬಿಟ್ಟಿದ್ದರು!

"ಇಸಾಕ ಕಣ್ಣು ಕಾಣದೆ, ಮುಂಗೈ ಸವರಿ ನೋಡಿ, ಹಿರೇಮಗ ಏಸಾವ ಅಂತ ತಿಳಕೊಂಡು ಕಿರೇಮಗ ಯಾಕೋಬನ ಆಶೀರ್ವಾದ ಮಾಡಿಬಿಟ್ಟ. ಏಸಾವ ಬಂದು ಬೋರಾಡಿ ಅತ್ತ. ಏನಾತು? ವಾಪಸ್ ತಗೊಳ್ಳಾಕ ಬಂತೇನು? ನಾನು ಹರಿದು ಕೊಟ್ಟ ಟಿಕೀಟು ಮತ್ತ ಬುಕ್ಕಿಗೆ ಅಂಟತೈತೇನು? ಆಶೀರ್ವಾದ ಅಂದ್ರ ಪ್ರವಾದನೆ ಇದ್ದಂಗವ್ವಾ. ಆಡಿದ್ದು ಆಗಬೇಕು. ಆಗದ್ದು ಆಡಬಾರದು."

ಅಂದಿನಿಂದ ಶುರುವಾಯಿತು ನನ್ನ ದಣಿವು. ಕಣ್ಣಿಗೆ ಪೊರೆ ಬಂದು ಈಗ ನಮ್ಮ ಜೊತೆಗೇ ಇರುವ ಅವರನ್ನು ಕರೆದ ಕಡೆಗೆಲ್ಲ ಕರೆದೊಯ್ಯುವವಳು, ಅವರ ಆಶೀರ್ವಾದದಿಂದ ಮುಖ ಸಪ್ಪಗಾದವರನ್ನು ಸಮಾಧಾನ ಮಾಡುವವಳು, ಎರಡೂ ನಾನೇ. ನನ್ನ ಗಂಡನೋ, ಇಂಥ ದಿನವೇ ಹೊಲಕ್ಕೆ ನೀರು ಬಿಡಲು ಹೋಗುತ್ತಾನೆ. ಭಾನುವಾರವೇ ಬಾಯಾರುವ ಹೊಲ ನಮ್ಮದು!

ಒಮ್ಮೆ ಎದುರಿನ ಕಿರಾಣಿ ಅಂಗಡಿಯ ಗೌರಕ್ಕ ಮಗಳನ್ನು ಕರೆತಂದಳು. ಅವರು ಲಿಂಗ ಕಟ್ಟಿದವರು, ಆದರೂ ಆಶೀರ್ವಾದಕ್ಕೇನು, ಎಲ್ಲ ಕಡೆಯದೂ ಇರಲಿ ಅಂತ. "ಹತ್ತನೇತ್ತಿ ಪರೀಕ್ಷೆ ಐತ್ರಿ ಅಜ್ಜಾರ, ಫಸ್ಟ್ ಕ್ಲಾಸ್ ಬರಲಿ ಅನ್ರಿ."

ದೊಡ್ಡಪ್ಪ ಹುಡುಗಿಯನ್ನು ಕೇಳಿದರು, "ಗಣಿತ ಎಷ್ಟು ಓದೀ?"

"ಅರ್ಧರೀ."

"ಹಂಗಾರ ಪಾಸಾಗ್ತೀ ಅಂತೀನಿ. ಅದರ ಮ್ಯಾಲೆ ಅನ್ನಾಕ ನನಗ ಅಪ್ಪಣಿ ಇಲ್ಲ."

ಹುಡುಗಿಗೆ ಗಣಿತದಲ್ಲಿ ಮೂವತ್ತಾರು ಬಂತು! ಮರುದಿನದಿಂದ ಮೈಲಾರದ ಜಾತ್ರೆಯಲ್ಲಿ ಕಾರ್ಣಿಕದ ಭವಿಷ್ಯ ಕೇಳಲು ಕಾದಂತೆ ಓಣಿಯ ಜನ ನಮ್ಮ ಬಾಗಿಲಿಗೆ. ಮಳೆ ಯಾವಾಗ, ಎಮ್ಮೆ ಯಾವಾಗ ಈಯುತ್ತದೆ, ಅಳಿಯ ಕುಡಿಯುವುದು ಬಿಡುತ್ತಾನೋ ಇಲ್ಲವೋ? ದೊಡ್ಡಪ್ಪ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಅಷ್ಟೂ ಜನಕ್ಕೆ ಚಹಾ ಕಾಸಿದವಳು ಯಾರು? ಕೇಳಬೇಡಿ.

ಇನ್ನೊಮ್ಮೆ ಹಿರೇಹಡಗಲಿಯ ನಮ್ಮ ನೆಂಟನೊಬ್ಬ ಹೊಸ ಗೂಡ್ಸ್ ಆಟೋ ತಂದು ನಿಲ್ಲಿಸಿದ. ದೊಡ್ಡಪ್ಪ ಟೈರು ಒತ್ತಿ ನೋಡಿ, ಹ್ಯಾಂಡಲ್ಲಿನ ಮೇಲೆ ಕೈಯಿಟ್ಟರು. "ಇದು ಪಂಕ್ಚರ್ ಆಗತೈತಿ. ಆದಾಗ ನಿನ್ನ ಬಾಯಿಂದ ಹೊಲಸು ಮಾತು ಬರಂಗಿಲ್ಲ. ಆಮೆನ್." ಮೂರನೆಯ ದಿನ ಹಂಪಸಾಗರದ ದಾರಿಯಲ್ಲಿ ಪಂಕ್ಚರ್ ಆಯಿತು. ಬೈಯಲೂ ಆಗದೆ, ಸುಮ್ಮನಿರಲೂ ಆಗದೆ, ಪಾಪ, ಮನುಷ್ಯ ಆಟೋ ಪಕ್ಕದಲ್ಲೇ ಕೂತು ನನಗೆ ಫೋನ್ ಮಾಡಿದ. "ಅಕ್ಕಾ, ಒಂದಾರ ಬೈತೀನಿ ಅಂತ ಕೇಳು ಅವರಿಗೆ!"

ಹೋದ ವೈಶಾಖದಲ್ಲಿ ಕೊಟ್ಟೂರಿನಲ್ಲಿ ನಮ್ಮವರದೇ ಒಂದು ಮದುವೆ. ಸಭಾಪಾಲಕರು ಊಟಕ್ಕೆ ಮೊದಲು, "ಹಿರಿಯರು ಈಗ ವಧೂವರರಿಗೆ ಆಶೀರ್ವಾದ ಮಾಡಲಿ" ಅಂದರು. ದೊಡ್ಡಪ್ಪ ಕುರ್ಚಿಯಿಂದ ಏಳಲಿಲ್ಲ.

"ಇಸಾಕ ಮೊದಲು ಉಂಡ. ಆಮ್ಯಾಲೆ ಆಶೀರ್ವಾದ ಮಾಡಿದ."

"ಅಯ್ಯಾ, ಅಡಿಗಿ ಇನ್ನಾ ಆಗಬೇಕ್ರಿ!"

"ಆಗಲಿ. ಇಸಾಕನೂ ಕಾದ."

ಮಟನ್ ಬೇಯುವವರೆಗೆ ಇಡೀ ಮದುವೆ ಕಾಯಿತು! ಉಂಡು ಕೈ ತೊಳೆದು ಬಂದವರು ಮೊದಲು ಮದುಮಗನ ಮುಂಗೈ ಸವರಿ, "ಇವನ ಹೌದಲ್ಲೋ?" ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಇಬ್ಬರ ತಲೆಯ ಮೇಲೂ ಕೈಯಿಟ್ಟು, "ಜಗಳಾಡ್ತೀರಿ. ಎರಡು ದಿನ ಮಾತು ಬಿಡ್ತೀರಿ. ಮೂರನೇ ದಿನ ಒಬ್ರು ಸೋಲ್ತೀರಿ. ಸೋತವರನ್ನ ದೇವರು ನೋಡ್ತಾನ" ಅಂದರು. ಮದುಮಗಳ ಅವ್ವ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಹೊತ್ತು ನಡೆದರೆ ಬೆನ್ನು ನೋಯುತ್ತದೆ.

ಆಮೇಲೆ ಹೆಂಗಸರು ನನ್ನನ್ನು ಸುತ್ತುವರಿದರು. ನನ್ನ ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಒಬ್ಬಾಕೆ ಹೊಟ್ಟೆ ಮುಟ್ಟಿ, "ಬರೋ ಕ್ರಿಸ್‌ಮಸ್ಸಿಗೆ ತೊಟ್ಟಿಲು ಕಟ್ತೀ ನೋಡು" ಅಂದಳು. ಇನ್ನೊಬ್ಬಾಕೆ ಅವಳಿ ಅಂದಳು. ಹೀಗೆ ಎಷ್ಟು ಕ್ರಿಸ್‌ಮಸ್ಸು ಬಂದು ಹೋದವು! ನಗುತ್ತಾ ತಲೆಯಾಡಿಸುವುದನ್ನು ನಾನು ಕಲಿತುಬಿಟ್ಟಿದ್ದೇನೆ. ಆ ದಿನ ಮಾತ್ರ ತಲೆಯಾಡಿಸದೆ, ದೊಡ್ಡಪ್ಪನ ಕೈ ಹಿಡಿದು ಹೊರಟುಬಿಟ್ಟೆ.

ಕೊಟ್ಟೂರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಾಗ ತಡೆಯಲಾಗಲಿಲ್ಲ. ಕೇಳಿಯೇಬಿಟ್ಟೆ. "ದೊಡ್ಡಪ್ಪ, ಎಲ್ಲಾರೂ ಅಂತಾರ. ನೀವ್ಯಾಕ ಒಂದು ಸಲಾನೂ ನನಗ 'ಮಕ್ಕಳಾಗಲಿ' ಅನ್ನಲಿಲ್ಲ? ಆಗಂಗಿಲ್ಲ ಅಂತ ನಿಮಗ ಗೊತ್ತಾಗೈತೇನು?"

ಹರಪನಹಳ್ಳಿಯ ಬಸ್ಸು ಬಂತು, ಹೋಯಿತು.

"ನನಗೇನೂ ಗೊತ್ತಿಲ್ಲವ್ವಾ. ದಿನಾ ಬೆಳಿಗ್ಗೆ ಎದ್ದು ನಿನ್ನ ಸಲುವಾಗಿ ಕೇಳ್ತೀನಿ. ಕೇಳೋದು ಪ್ರಾರ್ಥನೆ. ಅದಕ್ಕ ಅವನು ಇಲ್ಲ ಅಂದ್ರೂ ನಡೀತೈತಿ, ನಾನು ಮರುದಿನ ಮತ್ತ ಕೇಳ್ತೀನಿ. ಆದ್ರ ಕೈಯಿಟ್ಟು 'ಆಗತೈತಿ' ಅನ್ನೋದು ಬ್ಯಾರೆ. ಮದುವಿ ದಿನ ನಿಮ್ಮ ದೊಡ್ಡವ್ವನ ತಲಿಮ್ಯಾಲೆ ನಮ್ಮಪ್ಪ ಕೈಯಿಟ್ಟು 'ಮನಿ ತುಂಬ ಮಕ್ಕಳು' ಅಂದಿದ್ದ. ದೇವರ ಹೆಸರು ಹಿಡಿದು ಅಂದಿದ್ದ. ಆಕಿ ನಂಬಿದಳು. ಐವತ್ತು ದಾಟಿದ ಮ್ಯಾಲೂ ಪೆಟ್ಟಿಗ್ಯಾಗ ಕೂಸಿನ ಒಂದು ಕುಲಾವಿ ಇಟ್ಕೊಂಡು ಕಾದಳು. ತನ್ನಾಗ ಏನೋ ಪಾಪ ಐತಿ, ಅದಕ್ಕ ದೇವರ ಮಾತು ಸುಳ್ಳಾತು ಅಂತ ಅಳತಿದ್ದಳು. ನಿನ್ನ ಹಂಗ ಕಾಯಿಸಲೇನು ನಾನು?"

ದೊಡ್ಡವ್ವ ತೀರಿಕೊಂಡು ಏಳು ವರ್ಷ. ಆರು ವರ್ಷದವಳಿದ್ದಾಗ ಸಾಲಿ ಕಲಿಯಲು ಅವರ ಮನೆಗೆ ಬಂದ ನನ್ನನ್ನು ಬೆಳೆಸಿದವಳೇ ಆಕೆ. ಈ ಕುಲಾವಿಯ ವಿಷಯ ನನಗೆ ಗೊತ್ತೇ ಇರಲಿಲ್ಲ.

ದೊಡ್ಡಪ್ಪ ತಡಕಾಡಿ ನನ್ನ ತಲೆ ಹುಡುಕಿದರು. ಅಷ್ಟು ಜನರ ನಡುವೆ, ಬಾಳೆಹಣ್ಣು ಮಾರುವವಳು ನೋಡುತ್ತಿದ್ದಂತೆಯೇ, ಎರಡೂ ಕೈ ಇಟ್ಟರು.

"ಖಾತ್ರಿ ಇರೋದನ್ನ ಅಂತೀನಿ, ಕೇಳು. ನೀನು ನಮಗ ಮಗಳಾದಿ. ನಿಮ್ಮ ದೊಡ್ಡವ್ವ ಕಣ್ಣು ಮುಚ್ಚೋ ಮುಂದ ನಿನ್ನ ಕೈ ಹಿಡಕೊಂಡು, 'ಮಾವ ಅಂದದ್ದು ಪೂರಾ ಸುಳ್ಳಲ್ಲರೀ' ಅಂದ್ಲು. ನೀನು ಅಳತಿದ್ದಿ, ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೀನಿ."

ಆಮೆನ್ ಅನ್ನಬೇಕಾದವಳು ನಾನು. ಅವರೇ ಅಂದರು, ನನ್ನ ಪಾಲಿನದೂ ಸೇರಿಸಿ, ಎರಡು ಸಲ.