ಒಂದೇ ಆಡು, ಒಂಬತ್ತು ಕಾಯಿಲೆ

ಪಶು ಆಸ್ಪತ್ರೆಯ ಕಾಂಪೌಂಡರಿಗೆ ಆ ದಿನ ಬೇಕಾಗಿದ್ದುದು ಒಂದೇ ಒಂದು ಸಹಿ. ಆರು ವರ್ಷದಿಂದ ಹೆಂಡತಿ ಮಕ್ಕಳನ್ನು ಬಿಟ್ಟು ಈ ಹಳ್ಳಿಯಲ್ಲಿ ಕೈ ಸುಟ್ಟುಕೊಂಡು ಬೇಯಿಸಿ ತಿನ್ನುತ್ತಿದ್ದವರಿಗೆ ಕೊನೆಗೂ ಸ್ವಂತ ಊರಿಗೆ ವರ್ಗವಾಗಿತ್ತು. ‘ಇವರ ಮೇಲೆ ದೂರಿಲ್ಲ, ಕಳಿಸಲು ಅಡ್ಡಿಯಿಲ್ಲ’ ಎಂಬ ಕಾಗದಕ್ಕೆ ಪಂಚಾಯ್ತಿ ಅಧ್ಯಕ್ಷರು ಸಂಜೆ ಬಂದು ಸಹಿ ಹಾಕಬೇಕು. ಅಲ್ಲಿಯವರೆಗೆ ಯಾರ ತಂಟೆಗೂ ಹೋಗದೆ ಕೂತರೆ ಸಾಕು.

ಹತ್ತು ಗಂಟೆಗೆ ಎರಡು ಜಡೆಯ ಹುಡುಗಿಯೊಬ್ಬಳು ಕಿವಿ ಹರಿದ ಆಡೊಂದನ್ನು ಎಳೆದು ತಂದಳು.

“ಏನಮ್ಮ ಇದಕ್ಕೆ?”

“ತಿಂಗಳಿಗೊಂದ್ಸಲ ಕಿಬ್ಬೊಟ್ಟೆ ನೋಯತ್ತೆ ಸಾರ್. ಎರಡು ದಿನ ಸ್ಕೂಲಿಗೂ ಹೋಗಕ್ಕಾಗಲ್ಲ.”

“ಆಡು ಸ್ಕೂಲಿಗೆ ಹೋಗತ್ತಾ?”

ಹುಡುಗಿ ನೆಲ ನೋಡಿದಳು. “ಸಾಯಲ್ಲ ತಾನೇ ಸಾರ್, ಆಡು?”

ಕಾಂಪೌಂಡರ ಪೆನ್ನು ನಿಂತಿತು. “ಇಲ್ಲಮ್ಮ. ಅದು ರೋಗ ಅಲ್ಲ, ಬೆಳೆಯೋದು ಅಷ್ಟೆ. ಬಿಸಿನೀರಿನ ಶಾಖ ಕೊಡು. ಜಾಸ್ತಿ ನೋವಿದ್ರೆ ನರ್ಸಮ್ಮನ್ನ ಕೇಳು, ಪಕ್ಕದಲ್ಲೇ ಇದಾರಲ್ಲ.”

“ನರ್ಸಮ್ಮ ನಮ್ಮಮ್ಮನ ಗೆಳತಿ ಸಾರ್. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗತ್ತೆ.”

ಹತ್ತೇ ನಿಮಿಷಕ್ಕೆ ಅದೇ ಆಡು ಮತ್ತೆ ಬಂತು. ಹಗ್ಗ ಹಿಡಿದಿದ್ದವನು ಚಿಗುರುಮೀಸೆಯ ಹುಡುಗ. ಮುಖದ ತುಂಬ ಗುಳ್ಳೆಯಂತೆ, ದನಿ ಒಡೆದು ಹೋಗಿದೆಯಂತೆ, ಯಾವಾಗ ಸರಿಯಾಗುತ್ತದೆ? ಆಡು ನಯವಾದ ಮುಖವೆತ್ತಿ ಸ್ವಚ್ಛವಾಗಿ ‘ಮೇ’ ಎಂದಿತು. ಅದರ ಹಿಂದೆ ಇನ್ನೊಬ್ಬಳು: “ಒಂದೇ ಲೋಟದಲ್ಲಿ ನೀರು ಕುಡಿದ್ರೆ ಆಡು ಗಬ್ಬ ಆಗತ್ತಾ ಸಾರ್?”

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಈ ಆಡನ್ನು ಮುಟ್ಟದ ಕಾಯಿಲೆಯೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಿಜಿಸ್ಟರಿನಲ್ಲಿ ಒಂಬತ್ತು ಬರೆದಾಗಿತ್ತು. ಕಾಂಪೌಂಡರಿಗೆ ನಗು ಬರಲಿಲ್ಲ, ಬೆರಗಾಯಿತು. ಇಷ್ಟು ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಈ ಮಕ್ಕಳು ದಿನವೂ ಕೇಕೆ ಹಾಕುತ್ತ ಸೈಕಲ್ ತುಳಿಯುತ್ತಿದ್ದರೇ? ಕೈಗೊಂದು ಹಗ್ಗ ಸಿಕ್ಕರೆ ಸಾಕು, ಎಲ್ಲರಿಗೂ ಬಾಯಿ ಬರುತ್ತಿತ್ತು.

ಗೊತ್ತಿಲ್ಲದ ಎರಡು ಪ್ರಶ್ನೆ ಹೊತ್ತು ಅವರು ನರ್ಸಮ್ಮನ ಬಳಿ ಹೋದರು. “ಒಂದು ಆಡಿಗೆ...”

ನರ್ಸಮ್ಮ ಕನ್ನಡಕದ ಮೇಲಿಂದ ನೋಡಿದರು. “ನಿಮ್ಮ ತೊಂದರೆಗೆ ಆಡಿನ ಹೆಸರು ಯಾಕೆ ಹೇಳ್ತೀರಿ ಕಾಂಪೌಂಡರೇ? ಮನೆಯವರು ದೂರ ಇದಾರೆ, ಅರ್ಥ ಆಗತ್ತೆ.” ಪುಸ್ತಕವೊಂದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು.

ಪಶು ಆಸ್ಪತ್ರೆಗೆ ವಾಪಸಾಗುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ಹೋಗಿತ್ತು. ಎದುರಿನ ಕಟಿಂಗ್ ಶಾಪಿನವನು ಕತ್ತರಿ ನಿಲ್ಲಿಸಿ ಸಮಾಧಾನ ಹೇಳಿದ: “ಚಿಂತೆ ಮಾಡ್ಬೇಡಿ, ವಯಸ್ಸಾದ್ಮೇಲೆ ಎಲ್ರಿಗೂ ಆಗೋದೇ.” ಸಂಜೆ ಅಧ್ಯಕ್ಷರು ಬರುವಾಗ ಗೇಟಿನ ಮುಂದೆ ಅರ್ಧ ಊರು ನಿಂತಿತ್ತು. ಅವರು ಎಲ್ಲರನ್ನೂ ಗದರಿಸಿ ಓಡಿಸಿದರು, ಒಳಗೆ ಬಂದು ರಿಜಿಸ್ಟರ್ ತೆರೆದರು.

“ಒಂದೇ ಆಡು. ಒಂಬತ್ತು ಕಾಯಿಲೆ. ಏನ್ರೀ ಇದು?”

ಕಾಂಪೌಂಡರು ಜೇಬಿನಲ್ಲಿದ್ದ ವರ್ಗದ ಕಾಗದವನ್ನು ಮುಟ್ಟಿ ನೋಡಿಕೊಂಡರು. ಸುಳ್ಳು ಹೇಳಿದರೆ ಸಹಿ ಸಿಗುತ್ತಿತ್ತೇನೋ. ಎರಡು ಜಡೆಯ ಹುಡುಗಿ ನೆಲ ನೋಡಿದ್ದು ನೆನಪಾಯಿತು.

“ಆಡಿಗೇನೂ ಆಗಿಲ್ಲ ಸಾರ್. ಮಕ್ಕಳಿಗೆ ಕೇಳೋಕೆ ಯಾರೂ ಇಲ್ಲ. ಹೇಳಿದ್ದು ನಾನು, ಅವರನ್ನ ಬೈಬೇಡಿ.”

ಅಧ್ಯಕ್ಷರು ರಿಜಿಸ್ಟರ್ ಮುಚ್ಚಿದರು. ಎದ್ದು ಮುಂಬಾಗಿಲ ಚಿಲಕ ಹಾಕಿದರು. ಹಿಂಬಾಗಿಲಿಂದ ಹಿತ್ತಲಿಗೆ ಹೋಗಿ, ಮಕ್ಕಳು ಕಟ್ಟಿಹೋಗಿದ್ದ ಹಗ್ಗ ಬಿಚ್ಚಿ ಹಿಡಿದು ಒಳಗೆ ಬಂದರು. ಹಗ್ಗದ ತುದಿಯಲ್ಲಿ ಅದೇ ಹರಿದ ಕಿವಿ.

“ನಮ್ಮ ಈ ಹೋತಕ್ಕೆ ಅರವತ್ತೆರಡು,” ಎಂದರು ತಗ್ಗಿದ ದನಿಯಲ್ಲಿ. “ಗಳಿಗೆಗೊಂದ್ಸಲ ಒಂದಕ್ಕೆ ಓಡತ್ತೆ. ಯಾರನ್ನ ಕೇಳೋದು ಅಂತ ಎರಡು ವರ್ಷದಿಂದ ಒದ್ದಾಡ್ತಿದೆ.”

ಹೋತದ ಕೆಚ್ಚಲನ್ನು ಕಾಂಪೌಂಡರು ಕಂಡೂ ಕಾಣದಂತಿದ್ದರು. ಈ ವಯಸ್ಸಿನ ಹೋತಗಳಲ್ಲಿ ಅದು ಸಾಮಾನ್ಯ, ದೊಡ್ಡಾಸ್ಪತ್ರೆಯಲ್ಲಿ ತೋರಿಸಿದರೆ ಗುಣವಾಗುತ್ತದೆ ಎಂದು ನಿಧಾನವಾಗಿ ವಿವರಿಸಿದರು. ಅಧ್ಯಕ್ಷರ ಕಣ್ಣು ತುಂಬಿ ಬಂತು. ಇದೇ ಸಮಯವೆಂದು ಕಾಂಪೌಂಡರು ವರ್ಗದ ಕಾಗದವನ್ನೂ ಪೆನ್ನನ್ನೂ ಮುಂದಿಟ್ಟರು.

ಅಧ್ಯಕ್ಷರು ಕಾಗದವನ್ನು ಪೂರ್ತಿ ಓದಿದರು.

“ನೀವು ಹೋಗ್ಬಿಟ್ರೆ ಇದರ ಗತಿ ಏನ್ರೀ?” ಎಂದು ಅದನ್ನು ನಾಲ್ಕಾಗಿ ಮಡಿಸಿ ಆಡಿನ ಬಾಯಿಗೆ ಹಿಡಿದರು.

ದಿನವಿಡೀ ಒಂಬತ್ತು ಕಾಯಿಲೆ ಹೊತ್ತು ತಿರುಗಿದ್ದ ಆಡಿಗೆ ಹಸಿವಾಗಿತ್ತು.