ಟವಲ್ ಕೆಳಗೆ ಆರಿಸಿದ ಡಬ್ಬ

ನಾಲ್ಕು ಪ್ರಶ್ನೆ ಕೇಳಿದರೆ ಎಲ್ಲಕ್ಕೂ ಉತ್ತರ ಸಿಗುತ್ತದೆ ಎಂದು ನಂಬಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಬಿ.ಎಸ್ಸಿ. ಮುಗಿಸಿ ಕೋಲಾರದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ಹೊಸದು; ನಮ್ಮೂರು ಟೇಕಲ್‌ನಿಂದ ದಿನಾ ಓಡಾಟ. ಆಗಲೇ ಹೊಸ ಆಪರೇಟಿಂಗ್ ಸಿಸ್ಟಂ ಎರಡು ಬಗೆಯ ಡಬ್ಬಗಳಲ್ಲಿ ಬಂತು: ಮನೆಗೆ ಸಾಕಾಗುವ ಹೋಮ್, ಕಚೇರಿಗೆ ಬೇಕಾಗುವ ಪ್ರೊಫೆಷನಲ್. ಯಾರಿಗೆ ಯಾವುದು ಎಂದು ತಿಳಿಯಲು ನಾನೊಂದು ಹಾಳೆ ಬರೆದೆ. ನಾಲ್ಕು ಪ್ರಶ್ನೆ; ಕೆಳಗೆ ಉತ್ತರ: ನಂಬರ್ ಒಂದು ಹೋಮ್, ನಂಬರ್ ಎರಡು ಪ್ರೊಫೆಷನಲ್.

ಮಾಲೀಕರು ಓದಿದರು. "ಚೆನ್ನಾಗಿದೆ ಕಣಪ್ಪಾ. ಆದ್ರೆ ತಪ್ಪು ಕೊಟ್ಟೆ ಅಂತ ಒಂದು ಡಬ್ಬ ವಾಪಸ್ ಬಂದ್ರೂ, ನೀನು ಟೇಕಲ್‌ಗೆ ವಾಪಸ್."

ಅಚ್ಚು

ಮಾಲೂರಿನ ಇಟ್ಟಿಗೆ ಕಾರ್ಖಾನೆ ಯಜಮಾನರಿಗೆ ಮೂರು ಕಂಪ್ಯೂಟರ್ ಜೋಡಿಸಬೇಕಿತ್ತು. ಹಾಳೆಯ ಪ್ರಕಾರ ಪ್ರೊಫೆಷನಲ್, ಮೂರು ಡಬ್ಬ.

"ಮೂರು ಯಾಕೆ?"

"ಒಂದೊಂದು ಕಂಪ್ಯೂಟರ್‌ಗೂ ಒಂದೊಂದು, ಸಾರ್. ಕಂಪನಿ ನಿಯಮ."

ಅವರು ನನ್ನನ್ನು ಅಂಗಳಕ್ಕೆ ಕರೆದೊಯ್ದು ಒಣಗುತ್ತಿದ್ದ ಇಟ್ಟಿಗೆ ಸಾಲು ತೋರಿಸಿದರು. "ಇಷ್ಟೂ ಒಂದೇ ಅಚ್ಚಲ್ಲಿ ತೆಗೆದಿದ್ದು. ಇಟ್ಟಿಗೆಗೊಂದು ಅಚ್ಚು ಯಾರಾದ್ರೂ ಕೊಳ್ತಾರೇನಯ್ಯಾ?"

ಕೊನೆಗೆ ಮೂರೂ ಕೊಂಡರು. ನಾನು ಹೊರಡುವಾಗ ಮೆಲ್ಲಗೆ ಕೇಳಿದರು: "ಇದನ್ನ ಮಾಡ್ದೋರು ಇಟ್ಟಿಗೆ ವ್ಯಾಪಾರಕ್ಕೆ ಬರಲ್ಲ ತಾನೆ?"

ರಾಹುಕಾಲ

ಮುಳಬಾಗಿಲಿನ ಶಾಸ್ತ್ರಿಗಳು ಕಂಪ್ಯೂಟರಿನಲ್ಲಿ ಜಾತಕ ತೆಗೆಯುತ್ತಿದ್ದರು. ನಾನು ಹಾಳೆ ತೆಗೆಯುವ ಮೊದಲೇ ಅವರೇ ಪ್ರಶ್ನೆ ಹಾಕಿದರು.

"ಎರಡರಲ್ಲಿ ಯಾವುದು ಬೇಗ ಹಾಕಿ ಮುಗಿಯುತ್ತೆ? ಶುಕ್ರವಾರ. ಹತ್ತೂವರೆಗೆ ರಾಹುಕಾಲ ಶುರು."

ಹೋಮ್ ಹಾಕಿದೆ. ಒಂಬತ್ತೂ ಮುಕ್ಕಾಲಿಗೆ ಪರದೆ ಹೇಳಿತು: ಇನ್ನು ಮೂವತ್ತೊಂಬತ್ತು ನಿಮಿಷ. ಶಾಸ್ತ್ರಿಗಳಿಗೆ ನೆಮ್ಮದಿ. ಕಾಫಿ ಬಂತು. ಹತ್ತಕ್ಕೂ ಮೂವತ್ತೊಂಬತ್ತು ನಿಮಿಷ. ಉಪ್ಪಿಟ್ಟು ಬಂತು. ಹತ್ತೂವರೆಗೂ ಮೂವತ್ತೊಂಬತ್ತು.

ಶಾಸ್ತ್ರಿಗಳು ಪಂಚಾಂಗ ಮಡಚಿ, ನನ್ನ ಮುಖ ನೋಡಿದರು. "ನಮ್ಮ ರಾಹುಕಾಲವಾದ್ರೂ ಹೇಳಿದ ಹೊತ್ತಿಗೆ ಮುಗಿಯುತ್ತಪ್ಪಾ."

ಟವಲ್

ಶ್ರೀನಿವಾಸಪುರದ ಮಾವಿನ ಮಂಡಿಯ ಯಜಮಾನರದು ಪಂಚೆ, ಹೆಗಲ ಮೇಲೆ ಟವಲ್. ಸುತ್ತ ಬೇರೆ ಮಂಡಿಯವರೂ ಕೂತಿದ್ದರು. ನಾನು ನಾಲ್ಕೂ ಪ್ರಶ್ನೆ ಕೇಳಿ, "ನಿಮಗೆ ಹೋಮ್ ಸಾಕು, ಸಾರ್" ಎಂದೆ.

"ಏಮಪ್ಪಾ, ಎಲ್ಲರ ಎದುರಿಗೆ ವ್ಯಾಪಾರ ಮಾತಾಡ್ತೀಯಾ?" ಎಂದವರೇ ನನ್ನ ಕೈ ಎಳೆದು ಟವಲ್ ಮುಚ್ಚಿದರು. ಆ ಮಂಡಿಯಲ್ಲಿ ಮುಖ್ಯವಾದದ್ದನ್ನು ಬಾಯಲ್ಲಿ ಹೇಳುವುದಿಲ್ಲ. ಟವಲ್ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಅವರು ನನ್ನ ಎರಡು ಬೆರಳು ಒತ್ತಿದರು. ಎರಡು ಅಂದರೆ ನನ್ನ ಹಾಳೆಯಲ್ಲಿ ಪ್ರೊಫೆಷನಲ್. ತಲೆಯಾಡಿಸಿದೆ. ಒಂದು ಪ್ರೊಫೆಷನಲ್ ಕಳಿಸಿದೆ.

ಮರುದಿನ ಅವರು ಕೋಲಾರದ ಅಂಗಡಿಗೇ ಬಂದರು. ಕೈಯಲ್ಲಿ ಡಬ್ಬ. ಮಾಲೀಕರು ಡಬ್ಬ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡೆ.

"ಹೋಮ್ ಅಂದೆ, ಪ್ರೊಫೆಷನಲ್ ಕಳಿಸಿದೀಯ," ಎಂದರು ಯಜಮಾನರು.

"ತಪ್ಪಾಯ್ತು, ಸಾರ್. ವಾಪಸ್..."

"ಥೂ! ಟವಲ್ ಕೆಳಗೆ ಮುಗಿದಿದ್ದನ್ನ ವಾಪಸ್ ತಗೊಳ್ಳೋದಾ? ನಮ್ಮಪ್ಪನ ಕಾಲದಿಂದ ಮಂಡೀಲಿ ಒಬ್ರೂ ಮಾಡಿಲ್ಲ." ಡಬ್ಬವನ್ನು ಮೇಜಿನ ಮೇಲೆ ಕುಕ್ಕಿದರು. "ಮಂಡಿಗೊಂದು, ಮಗಳಿಗೊಂದು ಅಂತ ಎರಡು ಬೆರಳು ಹಿಡಿದೆ. ಒಂದೇ ಬಂದಿದೆ. ಇದೇ ಥರದ್ದು ಇನ್ನೊಂದು ತೆಗಿ."

ಇನ್ನೊಂದು ತೆಗೆದುಕೊಟ್ಟೆ. ಊಟದ ಡಬ್ಬಿಯನ್ನೂ ಚೀಲದಿಂದ ತೆಗೆದಿಟ್ಟೆ.

ಈಗ ಆ ಅಂಗಡಿಯಲ್ಲಿ ಮೊಬೈಲ್ ಮಾರುತ್ತಾರೆ. ನನ್ನ ಹಾಳೆ ಎಲ್ಲಿ ಹೋಯಿತೋ ತಿಳಿಯದು. ಅದನ್ನು ಕೊನೆಯ ಸಲ ಕಂಡದ್ದು ಮಂಡಿ ಯಜಮಾನರು ಬಂದುಹೋದ ಮಾರನೆಯ ಬೆಳಿಗ್ಗೆ. ಮಾಲೀಕರು ಅದನ್ನು ಕೌಂಟರಿನಿಂದ ಎತ್ತಿ, ಅದೇ ಜಾಗದಲ್ಲಿ ಒಂದು ಹೊಸ ಟವಲ್ ಮಡಚಿಟ್ಟಿದ್ದರು.