ಖಾಲಿ ಗಾಡಿ ತಳ್ಳಬಾರದು

ನಮ್ಮ ಮನೆಯಲ್ಲಿ ಯಾವ ಒಳ್ಳೆಯ ಕೆಲಸಕ್ಕೆ ಕೈ ಹಾಕಿದರೂ ಮೊದಲು ಬರುವುದು ಹೆದರಿಕೆ. ನಗೆ ಬರುವುದು ಅದರ ಹಿಂದೆ, ಸ್ವಲ್ಪ ತಡವಾಗಿ. ಮಗಳ ಹೆರಿಗೆಯ ಸಮಯದಲ್ಲಿ ಹೀಗೆ ಒಂದರ ಮೇಲೊಂದು ಆಗುತ್ತಲೇ ಹೋಯಿತು. ದೇವರ ದಯೆಯಿಂದ ಎಲ್ಲ ಸುಖವಾಗಿ ಕಳೆದಿರುವುದರಿಂದ ಈಗ ಹೇಳಬಹುದು.

ನನ್ನದು ಸವಣೂರಿನಲ್ಲಿ ಒಂದು ಹಿಟ್ಟಿನ ಗಿರಣಿ. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವನು ನಾನು. ಸಂಜೆ ದೀಪ ಹಚ್ಚಿ ಎರಡು ಭಜನೆ ಹೇಳದೆ ಅನ್ನದ ಬಟ್ಟಲು ಮುಟ್ಟಿದವನಲ್ಲ. ಒಬ್ಬಳೇ ಮಗಳು, ಅರಂತೋಡಿಗೆ ಕೊಟ್ಟಿದ್ದೇವೆ. ಅಳಿಯನಿಗೆ ಅಲ್ಲಿ ರಸ್ತೆಯ ಬದಿಯಲ್ಲಿ ಟಯರಿನ ಅಂಗಡಿ. ಮಗಳಿಗೆ ಮೊದಲು ಎರಡು ಸಲ ಬಸುರು ನಿಂತು, ಉಳಿಯದೆ ಹೋಯಿತು. ಮೂರನೆಯ ಸಲ ಅವಳು ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಒಂದು ಕಟ್ಟಳೆ ಮಾಡಿದಳು: ಮಗು ಹುಟ್ಟುವ ಮೊದಲು ಮಗುವಿನ ಹೆಸರಿನಲ್ಲಿ ಒಂದು ನೂಲೂ ಮನೆಯೊಳಗೆ ಬರಬಾರದು. ಅಳಿಯನೂ ಒಂದು ಕಟ್ಟಳೆ ಮಾಡಿದ: ಆಸ್ಪತ್ರೆಯಿಂದ ಮಗು ಬರುವಾಗ ಕಾರಿನಲ್ಲಿ ಅದಕ್ಕೆ ಬೇರೆ ಸೀಟು ಇರಲೇಬೇಕು. ಸುಳ್ಯದಾಚೆಯ ತಿರುವುಗಳಲ್ಲಿ ಬಿದ್ದ ಕಾರುಗಳ ಚಕ್ರ ಬಿಚ್ಚುವವನು ಅವನು. ಒಳಗೆ ಏನೇನು ನೋಡಿದ್ದಾನೋ, ಅವನು ಹೇಳುವುದಿಲ್ಲ, ನಾವು ಕೇಳುವುದಿಲ್ಲ.

ಇಬ್ಬರ ಮಾತೂ ನಡೆಯಬೇಕು. ನಡುವೆ ನಾನು.

೧. ಕಡಬದ ಸೀಟು

ಕಡಬದಲ್ಲಿ ಹೆಂಡತಿಯ ಕಡೆಯ ಸಂಬಂಧಿಕ ಹೆಂಗಸೊಬ್ಬರಿದ್ದಾರೆ. "ಹೊಸತು ಯಾಕೆ ತೆಗೆಯುದು? ನಮ್ಮ ಅಟ್ಟದಲ್ಲಿ ಒಂದು ಉಂಟು, ಬಂದು ನೋಡಿ" ಎಂದು ಫೋನು ಮಾಡಿದರು. ನಾನೂ ಅಳಿಯನೂ ಹೋದೆವು.

ಮೋಡ ಮುಚ್ಚಿದ ಮಧ್ಯಾಹ್ನ. ಚಾವಡಿಯಲ್ಲಿ ಬೆಳಕೇ ಇಲ್ಲ. ಕಣ್ಣು ಹೊಂದಿಕೊಂಡ ಮೇಲೆ ನೋಡುತ್ತೇನೆ, ಬೆಂಚಿನ ಮೇಲೆ ಆರು ವರ್ಷದ ಒಂದು ಹೆಣ್ಣು ಮಗು ನಮಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಿದೆ. ಎರಡು ಜಡೆ ಮಾತ್ರ ಕಾಣುತ್ತದೆ. "ಎಂತ ಮಗಾ, ನಿನ್ನ ಹೆಸರು?" ಎಂದೆ. ತಿರುಗಲಿಲ್ಲ. ಗೋಡೆಗೇ ಹೆಸರು ಹೇಳಿತು.

ಆ ಹೆಂಗಸು ಗೋಣಿಯಿಂದ ಸೀಟನ್ನು ಬಿಡಿಸಿ ನೆಲದ ಮೇಲೆ ಇಟ್ಟರು. "ಇದರಷ್ಟು ಗಟ್ಟಿಯದ್ದು ಅಂಗಡಿಯಲ್ಲಿ ಸಿಗ್ಲಿಕ್ಕಿಲ್ಲ. ಕೂತವಳಿಗೆ ಒಂದು ಗೀರು ಕೂಡ ಆಗ್ಲಿಲ್ಲ."

"ಯಾವಾಗ ಆಗ್ಲಿಲ್ಲ?" ಎಂದು ಅಳಿಯ ಕೇಳಿದ.

"ಕಾರು ತೋಡಿನ ನೀರಿಗೆ ಬಿದ್ದಾಗ."

ಅಳಿಯ ಸೀಟಿನಿಂದ ಕೈ ತೆಗೆದ. "ಅಕ್ಕಾ, ಒಮ್ಮೆ ಪೆಟ್ಟು ತಿಂದ ಸೀಟನ್ನು ಮತ್ತೆ ಉಪಯೋಗಿಸಬಾರದು. ಒಳಗೆ ಬಿರುಕು ಬಿಟ್ಟಿದ್ದರೆ ಹೊರಗೆ ಕಾಣುದಿಲ್ಲ."

"ಕಾರು ಹೋಯ್ತು ಮಾರಾಯ, ಸೀಟು ಉಳಿಯಿತು. ಅದರಲ್ಲಿ ಸೀಟಿನದ್ದೆಂತ ತಪ್ಪು?"

ನನ್ನ ಕಣ್ಣು ಇನ್ನೂ ಬೆಂಚಿನ ಮೇಲೆಯೇ ಇತ್ತು. ಮೆಲ್ಲಗೆ ಕೇಳಿದೆ: "ಮಗು ಆವತ್ತಿನಿಂದ ಹೀಗೆಯಾ?"

"ಛೆ, ಛೆ! ಬೀಳುವ ಮೊದಲೇ ಹೀಗೆ. ಈ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂರುದಲ್ವಾ? ಎರಡು ವರ್ಷ ಕೂತು ಅದೇ ಅಭ್ಯಾಸ ಆಗಿಬಿಟ್ಟಿದೆ. ನೀವು ಹೊರಡಿ, ಆಗ ತಿರುಗುತ್ತಾಳೆ."

ಹಾಗೆಯೇ ಆಯಿತು. ನಾವು ಅಂಗಳ ದಾಟುವಾಗ ಮಗು ಬಾಗಿಲಿಗೆ ಬಂದು, ಮುಖ ತೋರಿಸಿ, ಚಂದ ಮಾಡಿ ಕೈ ಬೀಸಿತು. ಕಾರು ಸುಳ್ಯದ ರಸ್ತೆ ಹಿಡಿಯಿತು. ಆಗ ಅಳಿಯ ಹೇಳಿದ: "ಮಾವ, ಅದರಲ್ಲಿ ಕೂತವರಿಗೆ ಬರುವುದು ಕಾಣುದಿಲ್ಲ. ಹೋದದ್ದು ಮಾತ್ರ ಕಾಣುದು."

ಹೊಸತೇ ತೆಗೆಯುವುದು ಎಂದು ಅಲ್ಲಿಯೇ ತೀರ್ಮಾನವಾಯಿತು.

೨. ತಾನಾಗಿ ಬಂದದ್ದು

ಅಂಗಡಿ ಪುತ್ತೂರಿನಲ್ಲಿ. ಅಂಗಡಿಯವರು ಬ್ಯಾರಿ ಮುಸ್ಲಿಮರು, ನಾಲ್ಕು ತಲೆಮಾರಿನ ವ್ಯಾಪಾರದ ಮನೆಯವರು, ಬಹಳ ಮರ್ಯಾದಸ್ಥರು. ಅಳಿಯನಿಗೆ ಅಂಗಡಿ ಬಿಡಲು ಆಗದೆ ನಾನು, ಹೆಂಡತಿ ಇಬ್ಬರೇ ಹೋಗಿದ್ದೆವು.

ಅವರು ವಿವರಿಸಿದರು. ಸೀಟೂ ಗಾಡಿಯೂ ಜೊತೆಗೇ ಬರುತ್ತದೆ, ಇದಕ್ಕೆ ಟ್ರಾವೆಲ್ ಸಿಸ್ಟಮ್ ಎನ್ನುತ್ತಾರಂತೆ. ಸ್ಟ್ರೋಲರ್ ಎಂದರೆ ಮಗುವನ್ನು ಮಲಗಿಸಿ ತಳ್ಳುವ ಗಾಡಿ. ಕಾರಿನ ಸೀಟು ಬೇರೆ. ಆದರೆ ಮಗು ನಿದ್ರೆ ಮಾಡಿದ್ದರೆ ಎಬ್ಬಿಸಬೇಕೆಂದಿಲ್ಲ. ಸೀಟು ಸಮೇತ ಎತ್ತಿ ಗಾಡಿಯ ಮೇಲೆ ಇಟ್ಟರೆ 'ಟಕ್' ಎಂದು ಕೂರುತ್ತದೆ.

"ಒಮ್ಮೆ ತಳ್ಳಿ ನೋಡಿ ಅಕ್ಕ."

ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು. "ಖಾಲಿ ಗಾಡಿಯನ್ನಾ?"

ಖಾಲಿ ತೊಟ್ಟಿಲು ತೂಗಬಾರದು ಎಂಬುದು ನಮ್ಮಲ್ಲಿ ಚಿಕ್ಕಂದಿನಿಂದ ಕೇಳಿದ ಮಾತು. ತೂಗಿದರೆ ಮಲಗುವವರು ಬರುವುದಿಲ್ಲ, ಅಥವಾ ಬೇರೆ ಯಾರೋ ಬಂದು ಮಲಗುತ್ತಾರೆ. ಚಕ್ರ ಇದ್ದ ಮಾತ್ರಕ್ಕೆ ಗಾಡಿ ತೊಟ್ಟಿಲಲ್ಲದೆ ಹೋಗುತ್ತದೆಯೇ?

ಅಂಗಡಿಯವರು ನಗಲಿಲ್ಲ. "ನಮ್ಮ ಉಮ್ಮನೂ ಬಿಡುದಿಲ್ಲ ಅಕ್ಕ. ಅದಕ್ಕೇ ನಾನು ಒಂದು ವ್ಯವಸ್ಥೆ ಮಾಡಿದ್ದೇನೆ" ಎಂದು ಒಳಗಿನಿಂದ ಒಂದು ಬೊಂಬೆ ತಂದರು. ಹುಟ್ಟಿದ ಮಗುವಿನ ಅಳತೆ, ಮಗುವಿನದ್ದೇ ಬಣ್ಣ. ಮಲಗಿಸಿದರೆ ಕಣ್ಣು ಮುಚ್ಚುತ್ತದೆ. ಮುಚ್ಚುವಾಗಲೂ ತೆರೆಯುವಾಗಲೂ ಸಣ್ಣಗೆ 'ಕಟ್' ಎಂದು ಸದ್ದು. ಅದನ್ನು ಗಾಡಿಯಲ್ಲಿ ಮಲಗಿಸಿ, ಇನ್ನೊಂದು ಬಣ್ಣದ್ದು ತರುತ್ತೇನೆಂದು ಒಳಗೆ ಹೋದರು.

ಆಗಲೇ ಕರೆಂಟು ಹೋಯಿತು.

ಒಳಕೋಣೆಯ ಅಂಗಡಿ, ಹಗಲಾದರೂ ಕತ್ತಲು. ಫ್ಯಾನು ನಿಂತ ಮೇಲೆ ಏನೂ ಸದ್ದಿಲ್ಲ. ನಾವಿಬ್ಬರೂ ಮುಟ್ಟದೆ ದೂರ ನಿಂತಿದ್ದೆವು. ಆ ನಿಶ್ಶಬ್ದದಲ್ಲಿ ರಬ್ಬರಿನ ಚಕ್ರ ನೆಲದ ಮೇಲೆ ಉರುಳುವ ಸದ್ದು ಕೇಳತೊಡಗಿತು. ಬಹಳ ನಿಧಾನ. ನಮ್ಮ ಕಡೆಗೇ. ಹೆಂಡತಿ ನನ್ನ ಕೈಯನ್ನು ಹಿಡಿದ ರಭಸಕ್ಕೆ ವಾಚಿನ ಪಟ್ಟಿ ತುಂಡಾಯಿತು. ಗಾಡಿ ಬಂದು ಅವಳ ಮೊಣಕಾಲಿಗೆ ಮೆತ್ತಗೆ ತಾಗಿ ನಿಂತಿತು. ತಾಗಿದ್ದೇ ಒಳಗಿನಿಂದ 'ಕಟ್' ಎಂದು ಕೇಳಿತು.

ಅಂಗಡಿಯವರು ಮೊಬೈಲಿನ ಬೆಳಕು ಹಾಕಿಕೊಂಡು ಓಡಿ ಬಂದರು. ಬೊಂಬೆ ಎರಡೂ ಕಣ್ಣು ಬಿಟ್ಟು ಹೆಂಡತಿಯನ್ನೇ ನೋಡುತ್ತಿತ್ತು.

"ನೆಲ ಸ್ವಲ್ಪ ಇಳಿಜಾರು ಉಂಟು ಅಕ್ಕ, ಬ್ರೇಕ್ ಹಾಕಲಿಕ್ಕೆ ಮರೆತೆ" ಎಂದರು. ಅಷ್ಟಕ್ಕೇ ಬಿಡಲಿಲ್ಲ; ವ್ಯಾಪಾರಸ್ಥರಲ್ಲವೇ? "ಆದರೂ ನೋಡಿದ್ರಾ, ಎಷ್ಟು ಹಗುರಕ್ಕೆ ಬರ್ತದೆ!"

ಹೆಂಡತಿ ಉಸಿರು ಸುಧಾರಿಸಿಕೊಂಡು ನನಗೆ ಹೇಳಿದಳು: "ಇದನ್ನೇ ತೆಗೆಯಿರಿ. ಬೇರೆ ತೆಗೆದರೆ ಇದು ಹಿಂದೆಯೇ ಬಂದೀತು."

೩. ಬೆಚ್ಚಗಿನ ಹಾಸಿಗೆ

ಸೀಟನ್ನು ಅಳಿಯ ಕೊಂಡುಹೋಗಿ ತನ್ನ ಕಾರಿಗೆ ಹಾಕಿಸಿಕೊಂಡ. ಗಾಡಿ ಮನೆಗೆ ಬರುವ ಹಾಗಿಲ್ಲವಲ್ಲ? ಗಿರಣಿಯ ಹಿಂದಿನ ಮೂಲೆಯಲ್ಲಿ, ಕಿಟಕಿಯ ಕೆಳಗೆ ನಿಲ್ಲಿಸಿ ಹಳೆಯ ಸೀರೆ ಹೊದಿಸಿದೆ.

ಮಧ್ಯಾಹ್ನ ಗಿರಣಿಗೆ ಬೀಗ ಹಾಕಿ ಊಟಕ್ಕೆ ಹೋಗಿ ಮೂರು ಗಂಟೆಗೆ ಬರುವುದು ನನ್ನ ಕ್ರಮ. ಒಂದು ದಿನ ಬಂದು ನೋಡಿದರೆ ಸೀರೆ ಒಂದು ಕಡೆ ಸರಿದಿತ್ತು. ಸರಿಮಾಡಲು ಹೋದಾಗ ಕೈ ಒಳಗಿನ ಹಾಸಿಗೆಗೆ ತಾಗಿತು.

ಹಾಸಿಗೆ ಬೆಚ್ಚಗಿತ್ತು.

ಬಿಸಿಲು ಬೀಳುವ ಜಾಗವಲ್ಲ. ಮೋಟಾರು ಆಫ್ ಆಗಿ ಎರಡು ಗಂಟೆಯಾಗಿದೆ. ನಡುವೆ ಒಂದು ಸಣ್ಣ ತಗ್ಗು ಕೂಡ ಇತ್ತು, ಈಗಷ್ಟೇ ಯಾರೋ ಬಂದು ಮಗುವನ್ನು ಎತ್ತಿಕೊಂಡು ಹೋದ ಹಾಗೆ.

ಮರುದಿನವೂ ಬೆಚ್ಚಗೆ. ಅದರ ಮರುದಿನವೂ. ಮನೆಯಲ್ಲಿ ಮಗಳಿಗೆ ಎಂಟು ತಿಂಗಳು. ಯಾರಿಗೆ ಹೇಳುವುದು? ಹೆಂಡತಿಗೆ ಹೇಳಿದರೆ ಅವಳು ಆವತ್ತೇ ಹಾಸಿಗೆ ಹಿಡಿಯುತ್ತಾಳೆ. ಮೊದಲಿನ ಎರಡು ಸಲದ್ದು ನೆನಪಾಯಿತು. ಕಣ್ಣು ಮುಚ್ಚಿ ನಮ್ಮ ದೈವಕ್ಕೆ ಹೇಳಿಕೊಂಡೆ: ಈ ಒಂದು ಜೀವ ಉಳಿಸಿಕೊಡು, ನಿನಗೆ ಒಂದು ಕೋಳಿ ಒಪ್ಪಿಸುತ್ತೇನೆ.

ಆರನೆಯ ದಿನ ಬಾಗಿಲು ಎಳೆದು ಒಳಗೇ ಉಳಿದೆ. ಯಂತ್ರದ ಹಿಂದೆ ಕೂತು ಮನಸ್ಸಿನಲ್ಲೇ ಜಪ ಮಾಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಸೀರೆ ಅಲುಗಿತು. ಒಳಗೆ ಏನೋ ಮಗ್ಗುಲು ಬದಲಿಸಿದ ಹಾಗಾಯಿತು. ಗಂಟಲಿನಲ್ಲಿ ಮೆಲ್ಲಗೆ ಸ್ವರ ಮಾಡಿತು. ಎದ್ದು ಓಡಬೇಕೆಂದುಕೊಂಡೆ. ಅಷ್ಟರಲ್ಲಿ ಕಿಟಕಿಯ ಸರಳಿನ ನಡುವಿನಿಂದ ಒಂದು ಕೈ ಒಳಗೆ ಬಂತು. ಮೊಣಕೈಯವರೆಗೆ ಬರೀ ಕೈ. ನೇರ ಗಾಡಿಯೊಳಗೆ ಇಳಿಯಿತು.

ನಾನು ಕೂಗಿದ ಕೂಗಿಗೆ ಕೈಯೂ ಕೂಗಿತು. ಗಾಡಿಯಿಂದ ಒಂದು ಕೆಂಪು ಹೇಂಟೆ ಕೋಳಿ ಹಾರಿ ನನ್ನ ತಲೆಯ ಮೇಲಿಂದ ಹೋಯಿತು.

ಕೈ ಪಕ್ಕದ ಟೈಲರನದ್ದು. ಹೇಂಟೆಯೂ ಅವನದ್ದೇ. ಕಿಟಕಿಯಿಂದ ಇಳಿದು ಮೊಟ್ಟೆ ಇಡಲು ಅದಕ್ಕೆ ಇಷ್ಟು ಮೆತ್ತಗಿನ ಜಾಗ ಬೇರೆಲ್ಲೂ ಸಿಗಲಿಲ್ಲವಂತೆ.

"ನಿಮಗೆ ಉಪದ್ರ ಬೇಡ ಅಂತ ನಾನೇ ತೆಗೆಯುತ್ತಿದ್ದೆ ಅಣ್ಣಾ" ಎಂದ, ಕೈಯಲ್ಲಿ ಬಿಸಿ ಮೊಟ್ಟೆ ಹಿಡಿದುಕೊಂಡೇ.

"ಅಯ್ಯೋ ಮಾರಾಯ, ನಾನು ಹೆದರಿ ದೈವಕ್ಕೆ ಕೋಳಿಯನ್ನೇ ಹೇಳಿಕೊಂಡಿದ್ದೇನಲ್ಲ!" ಎಂದೆ.

ಅವನು ನನ್ನನ್ನೊಮ್ಮೆ, ಹೇಂಟೆಯನ್ನೊಮ್ಮೆ ನೋಡಿದ. ಮರುದಿನದಿಂದ ಅದು ಈಚೆ ಬರಲಿಲ್ಲ. ಅವನು ಕಾಲಿಗೆ ಹಗ್ಗ ಹಾಕಿ ಕಟ್ಟಿದ್ದ.

೪. ಬೆಳಿಗ್ಗೆ ಹೋದದ್ದು, ಬರುವಾಗ ಬಂದದ್ದು

ಮಗು ಹುಟ್ಟಿತು. ಹೆಣ್ಣು. ಪುತ್ತೂರಿನ ಆಸ್ಪತ್ರೆಯಲ್ಲಿ, ಹೊಟ್ಟೆ ಕೊಯ್ದು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ಡಾಕ್ಟರು ಹೇಳಿದರೂ ಹೆಂಡತಿ ನಂಬಲಿಲ್ಲ. ಮಗು ಮನೆಯ ಹೊಸ್ತಿಲು ದಾಟುವವರೆಗೆ ಯಾರೂ ಏನೂ ಹೇಳಬೇಡಿ ಎಂದಳು.

ಕರೆತರುವ ದಿನ ಬೆಳಿಗ್ಗೆ ಅಳಿಯ ಕಾರು ತಂದ. ಹೆಂಡತಿ ಹಿಂದಿನ ಬಾಗಿಲು ತೆರೆದು, ಸೀಟನ್ನು ನೋಡಿ ನಿಂತುಬಿಟ್ಟಳು. "ಖಾಲಿ ಸೀಟು ಕೊಂಡುಹೋಗಿ ಮಗುವನ್ನು ಕರೆಯುದಾ?"

ಅಡುಗೆಮನೆಗೆ ಹೋಗಿ ಮಸಾಲೆ ಅರೆಯುವ ಗುಂಡುಕಲ್ಲು ಹೊತ್ತು ತಂದಳು. ಹೊಸ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡುಕಲ್ಲನ್ನು ಮಲಗಿಸುವುದು ನಮ್ಮ ಮನೆಯ ಕ್ರಮ. ಅದನ್ನೇ ಇಲ್ಲಿಗೂ ಹಚ್ಚಿದಳು. ಕಲ್ಲನ್ನು ತೊಳೆದು, ಬಿಳಿ ಬಟ್ಟೆ ಸುತ್ತಿ, ದೃಷ್ಟಿಯಾಗದ ಹಾಗೆ ಕಾಡಿಗೆಯ ಒಂದು ಬೊಟ್ಟು ಇಟ್ಟು ಸೀಟಿನಲ್ಲಿ ಕೂರಿಸಿದಳು. ಅಳಿಯ ಬೆಲ್ಟು ಹಾಕಿದ. ಸಡಿಲ ಉಂಟೋ ಎಂದು ಎರಡು ಬೆರಳು ತೂರಿಸಿಯೂ ನೋಡಿದ.

ನರಿಮೊಗರು ಹತ್ತಿರವಾಗುವಾಗ ಹತ್ತು ಮಾರು ಆಚೆ ಕಾಣದಷ್ಟು ಮಂಜು. ಮಂಜಿನೊಳಗಿಂದ ಒಂದು ಕೈ ಮೇಲೆದ್ದಿತು. ಪೊಲೀಸರು. ವಾಹನ ತಪಾಸಣೆ. ಒಬ್ಬ ಪೇದೆ, ನಡುವಯಸ್ಸಿನವರು, ಹಿಂದಿನ ಗಾಜಿನಿಂದ ಬಗ್ಗಿ ನೋಡಿದರು. ಬೆಲ್ಟಿನೊಳಗೆ ಬಿಳಿ ಬಟ್ಟೆ ಉಟ್ಟ ಕಪ್ಪು ಕಲ್ಲು.

ನಮ್ಮ ಊರಿನಲ್ಲಿ ಬಟ್ಟೆ ಉಡಿಸಿದ ಕಲ್ಲನ್ನು ಯಾರೂ ಬರೀ ಕಲ್ಲು ಎಂದುಕೊಳ್ಳುವುದಿಲ್ಲ. ಅವರು ಟೊಪ್ಪಿ ತೆಗೆದರು. ಆಮೇಲೆ ಬಗ್ಗಿ ಶೂ ಬಿಚ್ಚಿದರು. ಒದ್ದೆ ರಸ್ತೆಯಲ್ಲಿ ಬರಿಗಾಲಲ್ಲಿ ನಿಂತು ಕೈ ಮುಗಿದು ಕೇಳಿದರು: "ಎಲ್ಲಿಗೆ ಹೋಗುದಮ್ಮ?"

"ಪುತ್ತೂರಿಗೆ" ಎಂದಳು ಹೆಂಡತಿ. "ಮಗುವನ್ನು ಕರೆತರಲಿಕ್ಕೆ."

ಅವರು ತಲೆಯಾಡಿಸಿದರು. ನನ್ನ ಕಡೆ ತಿರುಗಿ ಗದರಿದರು: "ಒಳಗಿನವರಿಗೆ ಬೆಲ್ಟು ಹಾಕಿದ್ದೀರಿ, ನಿಮಗೆ ಎಲ್ಲಿ?" ಹಾಕಿಕೊಂಡೆ.

ಆಸ್ಪತ್ರೆಯಲ್ಲಿ ಕಲ್ಲನ್ನು ಇಳಿಸಿ ಹೆಂಡತಿಯ ಕಾಲ ಬುಡದಲ್ಲಿ ಚೀಲಕ್ಕೆ ಹಾಕಿ, ಅದೇ ಜಾಗದಲ್ಲಿ ಮಗುವನ್ನು ಕೂರಿಸಿದೆವು. ಬಿಳಿ ಬಟ್ಟೆ, ಕಾಡಿಗೆಯ ಒಂದು ಬೊಟ್ಟು, ಅದೇ ಬೆಲ್ಟು. ಮಗಳು ಪಕ್ಕದಲ್ಲಿ. ವಾಪಸು ಬರುವಾಗಲೂ ಮಂಜು ಪೂರ್ತಿ ಬಿಟ್ಟಿರಲಿಲ್ಲ. ಅದೇ ಕೈ ಎದ್ದಿತು. ಅದೇ ಪೇದೆ ಬಗ್ಗಿದರು.

ಆಗಲೇ ಮಗು ಕಣ್ಣು ಬಿಟ್ಟು ಆಕಳಿಸಿತು.

ಪೇದೆಯ ಮುಖದ ರಕ್ತವೆಲ್ಲ ಇಳಿದು ಹೋಯಿತು. "ಬೆಳಿಗ್ಗೆ..." ಎಂದರು. "ಬೆಳಿಗ್ಗೆ ಇಲ್ಲಿ ಕಲ್ಲು..."

"ಹೌದು" ಎಂದಳು ಹೆಂಡತಿ.

ಅವರು ಗಾಜು ಹಿಡಿದುಕೊಂಡರು. "ನಮಗೆ ಮದುವೆಯಾಗಿ ಒಂಬತ್ತು ವರ್ಷ ಆಯ್ತಮ್ಮ" ಎಂದು ಮಾತ್ರ ಹೇಳಿದರು.

ಅಳಿಯ ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಅವನ ಹೆಗಲನ್ನು ಹಿಂದಿನಿಂದ ಒತ್ತಿದಳು. ಚೀಲದಿಂದ ಕಲ್ಲು ತೆಗೆದು, ಬಟ್ಟೆ ಸರಿಮಾಡಿ, ಅವರ ಎರಡೂ ಕೈಗೆ ಕೊಟ್ಟಳು. ಅವರು ಅದನ್ನು ಎದೆಗೆ ಒತ್ತಿ ಹಿಡಿದು, ತಲೆ ಇರಬೇಕಾದ ಕಡೆಗೆ ಅಂಗೈ ಒಡ್ಡಿದರು.

ಕಾರು ಒಂದು ತಿರುವು ದಾಟಿದ ಮೇಲೆ ಅಳಿಯ ಹೇಳಿದ: "ಅತ್ತೆ, ಅದು ಮೀನಿನ ಮಸಾಲೆ ಅರೆಯುವ ಕಲ್ಲು ಅಂತ ಹೇಳಬೇಕಿತ್ತಲ್ಲಾ?"

"ಅವರು ಕೇಳಿದರಾ?"

ಮಗಳು ನಕ್ಕಳು. ಒಂಬತ್ತು ತಿಂಗಳಲ್ಲಿ ಮೊದಲ ಸಲ. ಹೊಟ್ಟೆ ಹಿಡಿದುಕೊಂಡು, "ಅಮ್ಮಾ ನಗಿಸಬೇಡ, ಹೊಲಿಗೆ ಎಳೆಯುತ್ತದೆ" ಎಂದು ಕಣ್ಣೀರು ಒರೆಸಿಕೊಂಡೇ ನಕ್ಕಳು.

ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮೊನ್ನೆ ಆ ಪೇದೆ ಮನೆ ಹುಡುಕಿಕೊಂಡು ಬಂದರು. ಸಮವಸ್ತ್ರವಿಲ್ಲ, ಕಂಕುಳಲ್ಲಿ ಗುಂಡುಕಲ್ಲು. ಅವರ ಹೆಂಡತಿಗೆ ಈಗ ಐದು ತಿಂಗಳಂತೆ. ಡಾಕ್ಟರ ಮದ್ದೂ ಮಾಡುತ್ತಿದ್ದರಂತೆ, ಅದನ್ನೂ ಮುಚ್ಚಿಡಲಿಲ್ಲ. "ಇನ್ನು ಬೇರೆ ಯಾರಿಗಾದರೂ ಬೇಕಾದೀತು" ಎಂದು ಕಲ್ಲನ್ನು ಚಾವಡಿಯಲ್ಲಿ ಇಟ್ಟು, ಅಡ್ಡಬಿದ್ದು ಹೋದರು.

ನನ್ನ ಹೆಂಡತಿ ಅದರ ಎದುರು ನಿಂತಳು. ಅದು ಏನೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ. ಆದರೂ ಅಡುಗೆಮನೆಗೆ ಒಯ್ಯಲು ಕೈ ಬರಲಿಲ್ಲ. ದೇವರ ಕೋಣೆಗೆ ಒಯ್ಯಲು ಧೈರ್ಯ ಬರಲಿಲ್ಲ.

ಮಗಳು ಮಗುವನ್ನು ಕರೆದುಕೊಂಡು ಬಂದಿದ್ದಾಳೆ. ಮಗು ನೆಲದ ಮೇಲೆ ತೆವಳುತ್ತಿದೆ, ಎತ್ತಿದರೆ ಸೊಂಟದ ಮೇಲೆಯೇ ಇರಬೇಕು, ಗಾಡಿಯಲ್ಲಿ ಒಂದು ಗಳಿಗೆ ಕೂರುವುದಿಲ್ಲ. ಅಷ್ಟೆಲ್ಲ ಹುಡುಕಿ, ಹೆದರಿ, ಆರಿಸಿ ತಂದ ಗಾಡಿಯಲ್ಲಿ ಈಗ ಕಲ್ಲು ಕೂತಿದೆ. ಅಳಿಯ ಬಂದಾಗ ನೋಡಿ, ಬೆಲ್ಟು ಸ್ವಲ್ಪ ಸಡಿಲ ಉಂಟೆಂದು ಬಿಗಿ ಮಾಡಿ ಹೋದ.